ಸೊನ್ನೆಗೆ ಮರಳುವ ಎಣಿಕೆ

ಕೀತ್ ಮೆಕ್ಲಾಗ್ರಿ, ಮಾರ್ಷಲ್ ರೋಸ್ ಎಂಬಿಬ್ಬರು 1988ರ ಆಗಸ್ಟಿನಲ್ಲಿ ಜಾಲನಿರ್ವಹಣೆಗೆಂದು ರಚಿಸಿಕೊಟ್ಟ ನಿಯಮಗಳಲ್ಲಿ, ಯಂತ್ರವೊಂದನ್ನು ಹೊಕ್ಕ ಹಾಗೂ ಬಿಟ್ಟ ಬೈಟುಗಳನ್ನು ಎಣಿಸುವ ಕೌಂಟರ್ ಎಂಬುದು ಏರುತ್ತಲೇ ಹೋಗಿ, 32 ಬಿಟ್ಟುಗಳಲ್ಲಿ ಅಡಗಬಲ್ಲ ಪರಮಾವಧಿಯಾದ 429 ಕೋಟಿ 49 ಲಕ್ಷ 67 ಸಾವಿರದ 295ನ್ನು ಮುಟ್ಟಿದ ತರುವಾಯ ಸೊನ್ನೆಗೆ ಮರಳಿ ಪುನಃ ಏರತೊಡಗುವ ಸಂಖ್ಯೆಯೆಂದು ನಿರ್ಣಯವಾಯಿತು. ಸೆಕೆಂಡಿಗೆ 10 ಮೆಗಾಬಿಟ್ ಸಾಗಿಸುತ್ತಿದ್ದ ಅಂದಿನ ಈಥರ್ನೆಟ್ ಎಡೆಬಿಡದೆ ತುಂಬಿ ಹರಿದರೂ ಇಂಥ ಒಂದು ಆವರ್ತನ ಮುಗಿಯಲು 57 ನಿಮಿಷ ಹಿಡಿಯುತ್ತಿದ್ದುದರಿಂದ ಆ ನಿರ್ಣಯವು ಅಂದಿಗೆ ಯುಕ್ತವೇ ಆಗಿತ್ತು.

ಸೊನ್ನೆಗೆ ಮರಳುವುದು ದೋಷವೆಂದು ಬಗೆಯುವವರು ಇಂದಿಗೂ ಅನೇಕರಿದ್ದಾರೆ, ಆದರೆ ಅದು ದೋಷವಲ್ಲ. ಕೌಂಟರಿನ ಬೆಲೆ ಸ್ವತಃ ಏನನ್ನೂ ಹೇಳದು. ಅರ್ಥವಿರುವುದು ಎರಡು ವೀಕ್ಷಣೆಗಳ ಅಂತರದಲ್ಲಿ. ಎರಡನೆಯ ಸಂಖ್ಯೆ ಮೊದಲನೆಯದಕ್ಕಿಂತ ಕಿರಿದಾಗಿ ಕಂಡರೆ ಒಂದು ಆವರ್ತನದ ಮೊತ್ತವನ್ನು ಕೂಡಿಸಿ ಕಳೆದರೆ ಸಾಕು, ನಿಜವಾದ ಅಂತರ ದೊರೆಯುತ್ತದೆ. ಆದರೆ ಎರಡು ವೀಕ್ಷಣೆಗಳ ನಡುವೆ ಕೌಂಟರ್ ಒಂದಕ್ಕಿಂತ ಹೆಚ್ಚು ಬಾರಿ ಸುತ್ತಿದ್ದರೆ, ಆ ಸಂಗತಿಯನ್ನು ಯಾವ ಗಣಿತವೂ ಮರಳಿ ತಂದುಕೊಡಲಾರದು.

ವೇಗವಾದರೋ ನಿಲ್ಲಲಿಲ್ಲ. 1995ರಲ್ಲಿ 100 ಮೆಗಾಬಿಟ್ಟಿನ ಈಥರ್ನೆಟ್ ಬಂದಾಗ 57 ನಿಮಿಷವು ಆರು ನಿಮಿಷಕ್ಕೂ ಕಡಿಮೆಯಾಯಿತು. 1998ರ ಗಿಗಾಬಿಟ್ ಈಥರ್ನೆಟ್ಟಿನಲ್ಲಿ ಅದು 34 ಸೆಕೆಂಡಿಗೆ ಕುಗ್ಗಿತು. ಟೋಬಿಯಾಸ್ ಓಟಿಕರ್ 1995ರಲ್ಲಿ ಲೋಕಕ್ಕೆ ನೀಡಿದ ಎಂಆರ್‌ಟಿಜಿ ಎಂಬ ಉಪಕರಣವು ರೂಢಿಯಾಗಿ ಐದು ನಿಮಿಷಕ್ಕೊಮ್ಮೆ ಕೌಂಟರನ್ನು ಓದಿ ನಕ್ಷೆ ಬರೆಯುತ್ತಿತ್ತು. ಐದು ನಿಮಿಷಕ್ಕೆ ಒಂದೇ ಆವರ್ತನವೆಂದರೆ ಸೆಕೆಂಡಿಗೆ ಸುಮಾರು 114 ಮೆಗಾಬಿಟ್. ಅದನ್ನು ಮೀರಿದ ಸಂಚಾರವೆಲ್ಲ ನಕ್ಷೆಯಲ್ಲಿ ಇಳಿದಂತೆ ತೋರುತ್ತದೆ, ಆದುದರಿಂದಲೇ 200 ಮೆಗಾಬಿಟ್ ಹರಿಯುತ್ತಿರುವ ಮಾರ್ಗವು 85ರಷ್ಟನ್ನೇ ತೋರಿಸಿ, ಕೇಬಲ್ಲನ್ನೂ ರೌಟರನ್ನೂ ಪರೀಕ್ಷಿಸುತ್ತ ಹಗಲಿರುಳು ದುಡಿಯುವ ನಿರ್ವಾಹಕನನ್ನು ದಾರಿ ತಪ್ಪಿಸುತ್ತದೆ. ಏರಿದ ರೇಖೆ 114ರ ಬಳಿಯಲ್ಲಿ ಥಟ್ಟನೆ ಕುಸಿದುದನ್ನು ಕಂಡವನು ಮೊತ್ತಮೊದಲು ಶಂಕಿಸಬೇಕಾದುದು ಕೌಂಟರನ್ನೇ.

ಪರಿಹಾರವು ಗಿಗಾಬಿಟ್ಟಿಗಿಂತ ಮುಂಚೆಯೇ ಸಿದ್ಧವಾಗಿತ್ತೆಂಬುದು ನಿಯಮಗಳನ್ನು ರಚಿಸಿದವರ ದೂರದೃಷ್ಟಿಗೆ ಸಾಕ್ಷಿ. 1993ರಲ್ಲಿ, ಕೌಂಟರುಗಳನ್ನು ಓದಲು ಬಳಸುವ ಜಾಲನಿರ್ವಹಣಾ ನಿಯಮಾವಳಿಯಾದ ಎಸ್‌ಎನ್‌ಎಂಪಿಯ ಎರಡನೆಯ ಆವೃತ್ತಿ 64 ಬಿಟ್ಟಿನ ಕೌಂಟರನ್ನು ಅಂಗೀಕರಿಸಿತು; 1994ರಲ್ಲಿ ಜಾಲಮುಖಗಳ ಲೆಕ್ಕಕ್ಕೂ ಅದು ಬಂದಿತು. ಸೆಕೆಂಡಿಗೆ ಒಂದು ಟೆರಾಬಿಟ್ ಹರಿದರೂ ಅದು ಸುತ್ತಿ ಬರಲು ನಾಲ್ಕೂವರೆ ವರ್ಷಕ್ಕೂ ಮಿಕ್ಕಿ ಬೇಕು. ಆದರೆ ಮೊದಲನೆಯ ಆವೃತ್ತಿಯ ಭಾಷೆಯಲ್ಲಿ ಪ್ರಶ್ನಿಸುವವನಿಗೆ ಈ ಕೌಂಟರ್ ದೊರೆಯದು. ಯಂತ್ರ ಹೊಸದಾಗಿದ್ದರೂ ಪ್ರಶ್ನೆ ಹಳೆಯದಾಗಿ ಉಳಿದಿರುವುದೇ ಎಷ್ಟೋ ಕಡೆ ಮೂಲಕಾರಣ.

ಲಿನಕ್ಸಿನಲ್ಲಿ 32 ಬಿಟ್ಟಿನ ಸಂಸ್ಕಾರಕಗಳಿಗೂ ಈ 64 ಬಿಟ್ಟಿನ ಎಣಿಕೆಯ ಸೌಕರ್ಯ ಒದಗಿದುದು 2010ರಲ್ಲಿ. ಅಂಥ ಸಂಸ್ಕಾರಕವು 64 ಬಿಟ್ಟಿನ ಸಂಖ್ಯೆಯನ್ನು ಎರಡು ಅರ್ಧಗಳಾಗಿ ಓದುವುದರಿಂದ, ನಡುವೆ ಹೊಸ ಪ್ಯಾಕೆಟ್ ಬಂದು ಕೆಳಗಿನ ಅರ್ಧ ತುಂಬಿ ಮೇಲಿನದಕ್ಕೆ ಒಂದು ಸೇರಿದರೆ, ಎಂದೂ ಇರದಿದ್ದ ಮೊತ್ತವೊಂದು ಕೈಗೆ ಬರುತ್ತದೆ. ಆದಕಾರಣ ಪ್ರತಿ ತಿದ್ದುಪಡಿಗೂ ಒಂದು ಕ್ರಮಾಂಕ ಏರುವಂತೆ ಏರ್ಪಡಿಸಲಾಯಿತು; ಓದುವ ನಡುವೆ ಅದು ಬದಲಾಗಿದ್ದರೆ ಲಿನಕ್ಸಿನ ತಿರುಳಾದ ಕರ್ನೆಲ್ ಆ ಓದನ್ನು ತ್ಯಜಿಸಿ ಮತ್ತೆ ಮೊದಲಿನಿಂದ ಓದುತ್ತದೆ.