ಪಿ ಅಂದ್ರೆ ಪೂರಿಗಾಲಿ, ಬಾರ್ಕ್ಲೇ ಅಂದ್ರೆ?

‘ಇವರಿಬ್ರೂ ಒಬ್ಬರೇ ಅಂತ ಏನು ಗ್ಯಾರಂಟಿ ಮೇಡಂ?’

ಬ್ಯಾಂಕಿನ ಕೌಂಟರಿನಲ್ಲಿದ್ದವರು ಅಪ್ಪನ ಎಫ್‌ಡಿ ರಸೀದಿಯನ್ನೂ ಆಧಾರ್ ಜೆರಾಕ್ಸನ್ನೂ ಪಕ್ಕಪಕ್ಕ ಇಟ್ಟು ಹೀಗೆ ಕೇಳಿದಾಗ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ರಸೀದಿಯಲ್ಲಿ ಅಪ್ಪನ ಹೆಸರಿನ ಮುಂದೆ ‘ಪಿ.ಎಂ.’ ಅಂತ ಎರಡು ಅಕ್ಷರ. ಆಧಾರ್‌ನಲ್ಲಿ ಇನಿಷಿಯಲ್ಲೇ ಇಲ್ಲ. ಪಹಣಿಯಲ್ಲಿ ‘ಬಿನ್’ ಅಂತ ಹಾಕಿ ತಾತನ ಹೆಸರು. ನಾಮಿನಿ ನಾನು, ಆದರೆ ಬ್ಯಾಂಕಿನ ಫಾರಂನಲ್ಲಿ ನನ್ನ ಹೆಸರಿನ ಮುಂದೆ ‘ಪಿ’, ಪಾಸ್‌ಪೋರ್ಟಿನಲ್ಲಿ ಹೆಸರಿನ ಹಿಂದೆ ‘ಪೂರಿಗಾಲಿ’. ಒಂದೇ ಮನೆಯ ಇಬ್ಬರು ಕಾಗದದ ಮೇಲೆ ಐದು ಜನ ಆಗಿಬಿಟ್ಟಿದ್ದೆವು.

ಅದು ರೇಷ್ಮೆಗೂಡು ಮಾರಿದ ದುಡ್ಡು. ಅವ್ವನ ಮಂಡಿ ಆಪರೇಷನ್ನಿಗೆ ಅಂತಲೇ ಅಪ್ಪ ಎತ್ತಿಟ್ಟಿದ್ದ. ಅಪ್ಪ ಹೋಗಿ ಮೂರು ತಿಂಗಳಾಗಿತ್ತು. ಅವ್ವ ಗೋಡೆ ಹಿಡ್ಕೊಂಡು ನಡೀತಿದ್ಲು. ದುಡ್ಡು ಮಾತ್ರ ಒಂದು ಅಕ್ಷರದ ಹಿಂದೆ ಸಿಕ್ಕಿಹಾಕಿಕೊಂಡು ಕೂತಿತ್ತು.

ಆ ದಿನ ಮನೆಗೆ ಬಂದು ಹೇಳಿದ್ರೆ ಅವ್ವ ಕೇಳಿದ್ದು ಒಂದೇ ಮಾತು: ‘ಊರಿನ ಹೆಸರಿಗೂ ಸಾಕ್ಷಿ ಬೇಕಾ ಕಣವ್ವ?’

ಸರ್‌ನೇಮ್ ಕಾಲಂ ಎಂಬ ತಲೆನೋವು

ಮಳವಳ್ಳಿ ತಾಲ್ಲೂಕಿನ ನಮ್ಮೂರು ಪೂರಿಗಾಲಿಯಲ್ಲಿ ಸರ್‌ನೇಮ್ ಅನ್ನೋ ಪದವೇ ಇರಲಿಲ್ಲ. ಒಂದೇ ಹೆಸರಿನವರು ನಾಲ್ಕು ಜನ ಇದ್ದರೆ ಬಾವಿ ಮನೆಯವನು, ಹೆಂಚಿನ ಮನೆಯವನು, ಮೂಲೆ ಮನೆಯವನು ಅಂತ ಗುರುತು. ಊರು ಬಿಟ್ಟು ಹೊರಗೆ ಹೋದರೆ ಊರಿನ ಹೆಸರು, ಅಪ್ಪನ ಹೆಸರು, ಕೊನೆಗೆ ಸ್ವಂತ ಹೆಸರು. ಶಾಲೆಗೆ ಸೇರಿಸುವಾಗ ಮೊದಲಿನ ಎರಡೂ ಕುಗ್ಗಿ ಇಂಗ್ಲಿಷಿನ ಎರಡು ಅಕ್ಷರ ಆಗುತ್ತವೆ. ಮಂಡ್ಯ, ಮೈಸೂರು ಕಡೆಯ ನಿಮ್ಮಲ್ಲಿ ಬಹಳ ಜನರ ಕಥೆಯೂ ಇದೇ ಇರಬಹುದು.

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ಆನ್‌ಲೈನ್ ಫಾರಂನಲ್ಲಿ ಸರ್‌ನೇಮ್ ಕಾಲಂ ಖಾಲಿ ಬಿಟ್ಟರೆ ಮುಂದಕ್ಕೇ ಹೋಗಲಿಲ್ಲ. ‘ಪಿ’ ಅಂತ ಹಾಕಿದೆ. ಒಂದಕ್ಷರ ಸಾಲದು ಅಂದಿತು. ‘ಪೂರಿಗಾಲಿ’ ಅಂತ ಬರೆದೆ, ತೆಗೆದುಕೊಂಡಿತು. ಮುಂದೆ ಪಾಸ್‌ಪೋರ್ಟಿಗೂ ಅದನ್ನೇ ಕೊಟ್ಟೆ.

ನಮ್ಮ ಟೀಮ್ ಮಾಡುವುದು ಇಂಗ್ಲೆಂಡಿನ ಬ್ಯಾಂಕೊಂದರ ಕೆಲಸ. ವಿಡಿಯೋ ಕಾಲ್‌ನಲ್ಲಿ ಅಲ್ಲಿನ ಹಿರಿಯರೊಬ್ಬರು ‘ಪೂರಿಗಾಲಿ ಅಂದರೆ ನಿಮ್ಮ ವಂಶದ ಹೆಸರಾ?’ ಅಂತ ಕೇಳಿದರು. ‘ಅಲ್ಲ, ನಮ್ಮೂರು’ ಅಂದೆ ಸ್ವಲ್ಪ ಸಂಕೋಚದಿಂದ. ಅವರು ನಕ್ಕರು. ‘ಹಾಗಾದರೆ ನೀವೂ ನಮ್ಮ ಥರಾನೇ. ಲಂಡನ್ನಿನ ಬ್ಯಾಂಕುಗಳ ಬೋರ್ಡು ನೋಡಿ, ಎಷ್ಟೋ ಹೆಸರು ಊರುಗಳೇ’ ಅಂದರು. ಆ ವಾರ ಪೂರ್ತಿ ಬಸ್ಸಿನಲ್ಲಿ ಕೂತು ಅದನ್ನೇ ಓದಿದೆ.

ಮರ, ಬಣ್ಣ, ಮನೆ

ಬಾರ್ಕ್ಲೇಸ್ ಬ್ಯಾಂಕನ್ನೇ ತಗೊಳ್ಳಿ. ಬಾರ್ಕ್ಲೇ ಅನ್ನೋದು ‘ಬರ್ಕ್ಲಿ’ ಎಂಬ ಊರಿನ ಹೆಸರಿನ ಇನ್ನೊಂದು ರೂಪ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಬರ್ಚ್ ಮರಗಳ ನಡುವಿನ ಬಯಲು. ಬರ್ಚ್ ಅಂದರೆ ನಮ್ಮ ಭೂರ್ಜ. ಹಳೇ ಕಾಲದಲ್ಲಿ ತೊಗಟೆಯ ಮೇಲೆ ಬರೀತಿದ್ರಲ್ಲ, ಅದೇ ಜಾತಿಯ ಮರ. ಬರ್ಚ್, ಭೂರ್ಜ ಎರಡೂ ಪದಗಳು ಒಂದೇ ಮೂಲದಿಂದ ಬಂದವು. ಅಂದರೆ ಆ ದೊಡ್ಡ ಬ್ಯಾಂಕಿನ ಹೆಸರು ಆಲೂರು, ಹಲಸೂರು ಇದ್ದ ಹಾಗೆ!

ಇನ್ನೊಂದು ತಮಾಷೆ ಏನೆಂದರೆ, ಆ ವ್ಯವಹಾರ ಶುರು ಮಾಡಿದವರು ಬಾರ್ಕ್ಲೇಗಳೇ ಅಲ್ಲ. 1690ರಲ್ಲಿ ಲಂಡನ್ನಿನ ಲೊಂಬಾರ್ಡ್ ಬೀದಿಯಲ್ಲಿ ಚಿನ್ನದ ಕೆಲಸದ ಜೊತೆ ಹಣದ ವ್ಯವಹಾರ ಮಾಡುತ್ತಿದ್ದವರು ಜಾನ್ ಫ್ರೀಮ್ ಮತ್ತು ಥಾಮಸ್ ಗೌಲ್ಡ್. ಫ್ರೀಮ್ ಅವರ ಅಳಿಯ ಜೇಮ್ಸ್ ಬಾರ್ಕ್ಲೇ. ಅವರು 1736ರಲ್ಲಿ ಪಾಲುದಾರರಾದರು. ಕೊನೆಗೆ ಮಾವನ ಹೆಸರು ಹೋಯಿತು, ಅಳಿಯನ ಹೆಸರು ಉಳಿಯಿತು.

ಇವರೆಲ್ಲ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಆಗಿನ ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಪದವಿಯೂ ಸರ್ಕಾರಿ ಹುದ್ದೆಯೂ ಇವರಿಗೆ ದಕ್ಕುತ್ತಿರಲಿಲ್ಲ. ಹಾಗಾಗಿ ವ್ಯಾಪಾರಕ್ಕೆ ಇಳಿದರು. ಆಡಿದ ಮಾತಿಗೆ ತಪ್ಪುವುದಿಲ್ಲ ಅನ್ನೋ ಹೆಸರೇ ಇವರ ಬಂಡವಾಳ. ಮದುವೆಯೂ ತಮ್ಮತಮ್ಮಲ್ಲೇ. ಹಾಗಾಗಿ 1896ರಲ್ಲಿ 20 ಖಾಸಗಿ ಬ್ಯಾಂಕುಗಳು ಒಂದಾಗಿ ಬಾರ್ಕ್ಲೇ ಅಂಡ್ ಕಂಪನಿ ಆದಾಗ ಅವುಗಳಲ್ಲಿ ಹಲವು ಬೀಗರ ಮನೆಗಳೇ. ನಾರಿಚ್ ಪಟ್ಟಣದ ಗರ್ನಿ ಮನೆತನವೂ ಅದರಲ್ಲಿತ್ತು. ಗರ್ನಿ ಅನ್ನೋದೂ ಊರೇ: ಫ್ರಾನ್ಸಿನ ನಾರ್ಮಂಡಿಯ ಗೂರ್ನೇ.

ಲಾಯ್ಡ್ಸ್ ಬ್ಯಾಂಕಿನ ಕಥೆ ಬೇರೆ. 1765ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಗುಂಡಿ ತಯಾರಿಸುವ ಜಾನ್ ಟೇಲರ್, ಕಬ್ಬಿಣದ ವ್ಯಾಪಾರಿ ಸ್ಯಾಂಪ್ಸನ್ ಲಾಯ್ಡ್ ಸೇರಿ ಶುರು ಮಾಡಿದ್ದು. ಲಾಯ್ಡ್ ಬಂದಿದ್ದು ವೆಲ್ಷ್ ಭಾಷೆಯ ‘ಲ್ವಿಡ್’ ಪದದಿಂದ. ಬೂದು ಬಣ್ಣ ಅಂತ ಅರ್ಥ. ನಮ್ಮ ಕೆಂಪಯ್ಯ, ಕರಿಯಪ್ಪರ ಹಾಗೆ.

ರಾಥ್‌ಶೀಲ್ಡ್ ಅಂತೂ ನೇರವಾಗಿ ನಮ್ಮೂರಿನ ಲೆಕ್ಕ. ಜರ್ಮನಿಯ ಫ್ರಾಂಕ್‌ಫರ್ಟಿನ ಯಹೂದಿಗಳ ಬೀದಿಯಲ್ಲಿ ಒಂದು ಮನೆಗೆ ಕೆಂಪು ಗುರಾಣಿಯ ಗುರುತಿತ್ತು. ‘ಕೆಂಪು ಗುರಾಣಿ ಮನೆಯವರು’ ಅಂತಲೇ ಅವರ ಹೆಸರಾಯಿತು. ಮುಂದೆ ಹಸಿರು ಗುರಾಣಿಯ ಮನೆಗೆ ಹೋದರೂ ಕೆಂಪಿನ ಹೆಸರು ಬಿಡಲಿಲ್ಲ. ಆ ಮನೆಯ ನೇಥನ್ 1798ರಲ್ಲಿ ಇಂಗ್ಲೆಂಡಿಗೆ ಬಂದು, ಮುಂದೆ ಲಂಡನ್ನಿನಲ್ಲಿ ಬ್ಯಾಂಕ್ ಕಟ್ಟಿದರು. ನಮ್ಮ ‘ಹೆಂಚಿನ ಮನೆ’ಯವರು ಲಂಡನ್ನಿಗೆ ಹೋಗಿ ಬೋರ್ಡ್ ಹಾಕಿದ್ದಿದ್ದರೆ ಹೇಗಿರುತ್ತಿತ್ತು ಅಂತ ಊಹಿಸಿ ನಕ್ಕೆ.

ನಮ್ಮ ಬ್ಯಾಂಕುಗಳ ಇನಿಷಿಯಲ್

ಓದ್ತಾ ಓದ್ತಾ ಇನ್ನೊಂದು ಹೊಳೆಯಿತು. ನಮ್ಮ ಕರ್ನಾಟಕದಲ್ಲೂ ಬ್ಯಾಂಕ್ ಕಟ್ಟಿದವರಿದ್ದಾರಲ್ಲ. ಅವರ ಹೆಸರಿನ ಮೊದಲ ಅಕ್ಷರಗಳೇನು?

1906ರ ಜುಲೈ 1ರಂದು ಮಂಗಳೂರಿನಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಶುರು ಮಾಡಿದವರು ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ. ಅದೇ 1910ರಲ್ಲಿ ಕೆನರಾ ಬ್ಯಾಂಕ್ ಆಯಿತು. ಪೈ ಅವರು ಹುಟ್ಟಿದ್ದು ಮೂಲ್ಕಿಯಲ್ಲಿ. ಆದರೆ ಹೆಸರಿನಲ್ಲಿರುವ ಅಮ್ಮೆಂಬಳ ದಕ್ಷಿಣ ಕನ್ನಡದ ಇನ್ನೊಂದು ಊರು. ಪೈ ಅನ್ನೋದು ಸಾವಿರಾರು ಮನೆಗಳ ಹೆಸರು. ಯಾವ ಪೈ ಅಂತ ಹೇಳುವುದು ಊರೇ.

1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಮೂವರೂ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಶುರು ಮಾಡಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಟಿ.ಎಂ.ಎ.ಯ ‘ಟಿ’ ಅಂದರೆ ತೋನ್ಸೆ, ಉಡುಪಿ ಹತ್ತಿರದ ಊರು. ‘ಎಂ’ ಮಾಧವ, ಅವರದೇ ಹೆಸರು. ‘ಎ’ ಅನಂತ, ತಂದೆಯ ಹೆಸರು. ಅಣ್ಣ ಉಪೇಂದ್ರರ ಮಗ ಟಿ.ಎ. ಪೈಗೆ ತಾತನ ಹೆಸರೇ ಬಂತು. ಊರು, ತಂದೆ, ತಾತ ಎಲ್ಲ ಆ ಮೂರಕ್ಷರದೊಳಗೇ.

1931ರಲ್ಲಿ ವಿಜಯಾ ಬ್ಯಾಂಕ್ ಕಟ್ಟಿದ ಎ.ಬಿ. ಶೆಟ್ಟರ ‘ಎ’ ಮಂಗಳೂರಿನ ಅತ್ತಾವರ. 1913ರಲ್ಲಿ ನಮ್ಮ ‘ಮೈಸೂರು ಬ್ಯಾಂಕ್’ ಹುಟ್ಟಿದಾಗ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರ ‘ಎಂ’ ಮೋಕ್ಷಗುಂಡಂ, ಅವರ ಹಿರಿಯರ ಊರು. ಕನ್ನಂಬಾಡಿ ನೀರು ಕುಡಿದ ಮಂಡ್ಯದವರಿಗೂ ಆ ಅಕ್ಷರ ಬಿಡಿಸಿ ಓದಲು ಪುರುಸೊತ್ತಾಗಿರಲಿಲ್ಲ ನೋಡಿ.

ಇಂಗ್ಲೆಂಡಿನವರು ಊರನ್ನು ಪೂರ್ತಿ ಬರೆದು ಬೋರ್ಡಿಗೆ ಹಾಕಿದರು. ನಾವು ಅದನ್ನು ಒಂದಕ್ಷರ ಮಾಡಿ ಚುಕ್ಕಿ ಇಟ್ಟೆವು. ವ್ಯತ್ಯಾಸ ಇಷ್ಟೇ.

ಹಾಗಂತ ಹೆಸರು ದೊಡ್ಡದಿದ್ದರೆ ದುಡ್ಡು ಭದ್ರ ಅಂತಲ್ಲ. ಅದೇ ಗರ್ನಿ ಹೆಸರಿದ್ದ ಓವರೆಂಡ್ ಗರ್ನಿ ಕಂಪನಿ 1866ರ ಮೇ 10ರಂದು ಲಂಡನ್ನಿನಲ್ಲಿ ಬಾಗಿಲು ಹಾಕಿತು. ಸ್ಕಾಟ್ಲೆಂಡ್ ಮೂಲದ ಮನೆತನದ ಮದರಾಸಿನ ಆರ್ಬತ್‌ನಾಟ್ ಕಂಪನಿ 1906ರ ಅಕ್ಟೋಬರಿನಲ್ಲಿ ಮುಳುಗಿದಾಗ ಸಾವಿರಾರು ಜನರ ಉಳಿತಾಯ ಕೊಚ್ಚಿಹೋಯಿತು. ಆರ್ಬತ್‌ನಾಟ್ ಕೂಡ ಒಂದು ಊರಿನ ಹೆಸರೇ.

ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ ಪಿಗ್ಮಿ ನೆನಪಿದೆಯಲ್ಲ? ಏಜೆಂಟರು ದಿನಾ ಮನೆಬಾಗಿಲಿಗೆ ಬಂದು ಎರಡಾಣೆಯಾದರೂ ಕಟ್ಟಿಸಿಕೊಳ್ಳುತ್ತಿದ್ದರು. ಅಲ್ಲಿ ಹೆಸರಿಗಿಂತ ಮುಖವೇ ಗುರುತು. ನಮ್ಮಪ್ಪ ದುಡ್ಡಿಟ್ಟ ಕಾಲಕ್ಕೂ ಬ್ಯಾಂಕಿನವರಿಗೆ ಅವನ ಮುಖ ಗೊತ್ತಿತ್ತು. ಈಗ ಮುಖ ಗೊತ್ತಿದ್ದವರು ವರ್ಗವಾಗಿ ಹೋಗಿದ್ದಾರೆ, ಅಪ್ಪನೂ ಇಲ್ಲ. ಸಿಂಡಿಕೇಟ್ ಕೂಡ 2020ರ ಏಪ್ರಿಲ್ 1ರಂದು ಕೆನರಾದಲ್ಲಿ ವಿಲೀನವಾಯಿತು. ಉಳಿದಿರುವುದು ಕಾಗದ ಮಾತ್ರ. ಆ ಕಾಗದಕ್ಕೆ ‘ಪಿ’ ಅಂದರೆ ಏನು ಅಂತ ಹೇಳುವವರು ಬೇಕು.

ಈ ಭಾನುವಾರ ಅರ್ಧ ಗಂಟೆ

ನಾನು ಪಟ್ಟ ಪಾಡು ನಿಮಗೆ ಬೇಡ. ಇಷ್ಟು ಮಾಡಿ:

- ಅಪ್ಪ–ಅಮ್ಮನ ಪಾಸ್‌ಬುಕ್, ಆಧಾರ್, ಪ್ಯಾನ್, ಪಹಣಿ ಒಂದೇ ಕಡೆ ಇಟ್ಟು ಹೆಸರಿನ ಪ್ರತಿ ಅಕ್ಷರ ಹೋಲಿಸಿ. ಅವರು ಎದುರಿಗಿದ್ದಾಗ ತಿದ್ದಿಸುವುದು ಸುಲಭ.
- ನಾಮಿನಿ ಇದೆಯಾ, ನಾಮಿನಿಯ ಹೆಸರು ಈಗಿನ ದಾಖಲೆಯಲ್ಲಿರುವ ಹಾಗೇ ಇದೆಯಾ ನೋಡಿ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು.
- ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹೋದರೂ ಹಕ್ಕಿನವರು ಕೇಳಿ ಪಡೆಯಬಹುದು. ಹುಡುಕಲು ‘ಉದ್ಗಮ್’ ಪೋರ್ಟಲ್ ಇದೆ. ಅಲ್ಲಿ ಇನಿಷಿಯಲ್ ಹಾಕಿ ಒಮ್ಮೆ, ಬಿಡಿಸಿ ಬರೆದು ಒಮ್ಮೆ ಹುಡುಕಿ.
- ಪಾಸ್‌ಪೋರ್ಟ್ ಮಾಡಿಸುವ ಮುಂಚೆ ಸರ್‌ನೇಮ್ ಏನೆಂದು ತೀರ್ಮಾನಿಸಿ. 2022ರ ನವೆಂಬರಿನಲ್ಲಿ ಯುಎಇ, ಒಂದೇ ಹೆಸರಿರುವ ಪಾಸ್‌ಪೋರ್ಟಿನಲ್ಲಿ ವಿಸಿಟ್ ವೀಸಾದ ಮೇಲೆ ಬರುವವರಿಗೆ ಪ್ರವೇಶವಿಲ್ಲ ಅಂದಿತ್ತು.

ನಮ್ಮ ಕೆಲಸ ಕೊನೆಗೆ ಛಾಪಾ ಕಾಗದದ ಮೇಲೆ ‘ಇಬ್ಬರೂ ಒಬ್ಬರೇ’ ಅನ್ನೋ ಅಫಿಡವಿಟ್ ಮಾಡಿಸಿ, ನೋಟರಿ ಹಾಕಿಸಿ, ಮಳವಳ್ಳಿಗೆ ನಾಲ್ಕು ಸಲ ಓಡಾಡಿದ ಮೇಲೆ ಆಯಿತು. ಅದರಲ್ಲಿ ಒಂದು ಸಾಲು ನಾನೇ ಬರೆಸಿದ್ದು: ‘ಪಿ ಎಂದರೆ ಪೂರಿಗಾಲಿ.’ ಅಪ್ಪನ ಇಡೀ ಬದುಕಿನಲ್ಲಿ ಅವನ ಹೆಸರು ಪೂರ್ತಿಯಾಗಿ ಬರೆದದ್ದು ಅದೇ ಮೊದಲು.

ಆಪರೇಷನ್ ಆಯಿತು. ಅವ್ವ ಈಗ ವಾಕರ್ ಹಿಡಿದು ಜಗಲಿವರೆಗೆ ಬರ್ತಾಳೆ. ಮೊನ್ನೆ ಮನೆಯಿಂದ ಕೆಲಸ ಮಾಡ್ತಿದ್ದಾಗ ಲಂಡನ್ನಿನವರು ‘ಹಲೋ ಮಿಸ್ ಪೂರಿಗಾಲಿ’ ಅಂದದ್ದು ಅವ್ವನ ಕಿವಿಗೆ ಬಿತ್ತು.

‘ಅದ್ಯಾಕೆ ನಮ್ಮೂರ್ನ ಕರೀತಾವ್ನೆ?’ ಅಂದ್ಲು.

‘ನನ್ನನ್ನೇ ಕರೀತಿರೋದು ಕಣವ್ವ’ ಅಂದೆ.

‘ಹಂಗಾದ್ರೆ ಸರ್ಯಾಗ್ ಮಾತಾಡು. ಊರ್ ಮರ್ಯಾದೆ’ ಅಂದು ಜಗಲಿ ಕಡೆ ಹೊರಟಳು.