ಮಂತ್ರಿಯ ಮನೆಯಲ್ಲಿ ರಾಣಿ

ಯೂರೋಪಿನ ಪುನರುಜ್ಜೀವನ ಕಾಲವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಫ್ಲಾರೆನ್ಸ್ ನಗರದ ಮಹಾಗುಮ್ಮಟ, ಲಿಯೊನಾರ್ಡೊ ಡ ವಿಂಚಿಯ ಚಿತ್ರ, ಮೈಕೆಲೇಂಜೆಲೊನ ಶಿಲ್ಪ, ಪೆಟ್ರಾರ್ಕನ ಸುನೀತ. ಇವೆಲ್ಲ ಆ ಯುಗವು ತನ್ನನ್ನು ಕುರಿತು ಲೋಕಕ್ಕೆ ತಾನಾಗಿ ಸಾರಿಕೊಂಡ ಮಾತುಗಳು. ಆದರೆ ಒಂದು ಕಾಲದ ಜನ ಸಾರಬೇಕೆಂಬ ಉದ್ದೇಶವಿಲ್ಲದೆ, ಬಿಡುವಿನ ವೇಳೆಯಲ್ಲಿ, ತಮಗರಿವಿಲ್ಲದೆಯೇ ಆಡಿಬಿಡುವ ಮಾತುಗಳೂ ಉಂಟು. ಅವರು ಕುಳಿತು ಆಡುತ್ತಿದ್ದ ಆಟಗಳಲ್ಲಿ ಅಂಥ ಮಾತುಗಳನ್ನು ಕೇಳಬಹುದು. ಆಟಕ್ಕೆ ಕುಳಿತವರು ಅದರ ಕಟ್ಟಳೆಗಳನ್ನು ಕುರಿತು ವಾದಿಸುವುದಿಲ್ಲ; ಒಪ್ಪಿಕೊಂಡೇ ಕೂಡುತ್ತಾರೆ. ಆದುದರಿಂದ ಯಾವ ಕಾಯಿ ಎಷ್ಟು ದೂರ ನಡೆಯಬಹುದು, ಯಾರು ಯಾರನ್ನು ಹೊಡೆಯಬಹುದು, ಗೆಲವೆಂದರೆ ಏನು ಎಂಬ ನಿಯಮಗಳಲ್ಲಿ ಆ ಕಾಲದವರು ವಾದವಿಲ್ಲದೆ ನಂಬಿದ್ದ ಸಂಗತಿಗಳು ಅಡಗಿರುತ್ತವೆ. ಈ ದೃಷ್ಟಿಯಿಂದ ನೋಡಿದರೆ ಹದಿನೈದನೆಯ ಶತಮಾನದ ಕೊನೆಯಲ್ಲಿ ಚದುರಂಗಕ್ಕೆ ಒದಗಿದ ಮಾರ್ಪಾಡು ಆ ಯುಗದ ಕಾವ್ಯ ಶಿಲ್ಪಗಳಷ್ಟೇ ಮಹತ್ತ್ವದ್ದು.

ಚದುರಂಗ ಯೂರೋಪಿನ ಸ್ವಂತ ಸೊತ್ತಲ್ಲ. ನಮ್ಮ ನಾಡಿನಲ್ಲಿ ಹುಟ್ಟಿ, ಪಾರಸಿಕರ ಕೈಯಿಂದ ಅರಬರ ಕೈಗೆ ದಾಟಿ, ಸ್ಪೇನ್ ಮತ್ತು ಇಟಲಿಗಳ ಮೂಲಕ ಅದು ಪಶ್ಚಿಮವನ್ನು ಹೊಕ್ಕಿತು. ಈ ಯಾತ್ರೆಯಲ್ಲಿ ನಮ್ಮ ಚತುರಂಗಬಲದ ಕಾಯಿಗಳು ವೇಷ ಬದಲಾಯಿಸಿದವು. ರಥವು ಕೋಟೆಯ ಬುರುಜಾಯಿತು. ಆನೆಯನ್ನು ಅರಬರು ‘ಅಲ್‌ಫಿಲ್’ ಎಂದರು. ಇಂಗ್ಲೆಂಡಿನಲ್ಲಿ ಅದು ಕ್ರೈಸ್ತ ಧರ್ಮಾಧಿಕಾರಿಯ ಟೋಪಿ ಧರಿಸಿ ಬಿಷಪ್ ಆಯಿತು. ರಾಜನ ಪಕ್ಕದ ಮಂತ್ರಿ ಪಾರಸಿಕರಲ್ಲಿ ‘ಫರ್ಜೀನ್’ ಎನಿಸಿ, ಯೂರೋಪನ್ನು ಮುಟ್ಟಿದ ಮೇಲೆ ಕ್ರಮೇಣ ರಾಣಿಯಾದನು. ಸ್ವಿಟ್ಜರ್ಲೆಂಡಿನ ಐನ್‌ಸೀಡೆಲ್ನ್ ಮಠದಲ್ಲಿ ದೊರೆತ, ಹತ್ತನೆಯ ಶತಮಾನದ ಕೊನೆಯದೆನ್ನಲಾದ ಲ್ಯಾಟಿನ್ ಪದ್ಯವೊಂದರಲ್ಲಿ ಆ ಕಾಯಿಗೆ ಆಗಲೇ ರಾಣಿಯೆಂಬ ಹೆಸರಿದೆ.

ಹೆಸರು ಬದಲಾಯಿತೆ ಹೊರತು ನಡೆ ಬದಲಾಗಲಿಲ್ಲ. ಸುಮಾರು ಐದು ಶತಮಾನಗಳ ಕಾಲ ಆ ರಾಣಿ ಹಳೆಯ ಮಂತ್ರಿಯಂತೆಯೇ ಓರೆಯಾಗಿ ಒಂದೇ ಒಂದು ಮನೆ ಹೆಜ್ಜೆಯಿಡುತ್ತ, ರಾಜನ ಬೆನ್ನ ಹಿಂದೆ ಸುಳಿದಾಡುತ್ತಿದ್ದಳು. ಪಟದ ನಡುವೆ ನಿಂತರೂ ಅವಳಿಗೆ ಹೋಗಲು ನಾಲ್ಕೇ ಮನೆಗಳು. ಹಳೆಯ ಆನೆಯ ಪಾಡು ಇನ್ನೂ ಕಷ್ಟ. ಓರೆಯಾಗಿ ಎರಡನೆಯ ಮನೆಗೆ ಜಿಗಿಯುವುದಷ್ಟೇ ಅದರ ಶಕ್ತಿಯಾದುದರಿಂದ, ಆಟವಿಡೀ ನಡೆದರೂ ಅದು 64 ಮನೆಗಳ ಪೈಕಿ 8ನ್ನು ಮಾತ್ರ ಮುಟ್ಟಬಲ್ಲುದಾಗಿತ್ತು. ಅಂಥ ಸೈನ್ಯಗಳು ಎದುರುಬದುರಾಗಿ ಕೈಮಿಲಾಯಿಸಬೇಕಾದರೆ ಬಹಳ ಹೊತ್ತು ಹಿಡಿಯುತ್ತಿತ್ತು. ಆಟ ದೊಡ್ಡ ಅರಮನೆಗಳ ದೀರ್ಘ ಅಪರಾಹ್ನಗಳಿಗೆ ಒಪ್ಪುವಂತೆ ಮಂದಗಮನದಿಂದ ಸಾಗುತ್ತಿತ್ತು.

ಹೊಸ ನಡೆಯ ಮೊದಲ ಸ್ಪಷ್ಟ ಸಾಕ್ಷ್ಯ ದೊರೆಯುವುದು ಸ್ಪೇನಿನ ವಾಲೆನ್ಸಿಯ ನಗರದಲ್ಲಿ, ಅದೂ ಒಂದು ಕಾವ್ಯದಲ್ಲಿ. ಸುಮಾರು 1475ರಲ್ಲಿ ಫ್ರಾನ್ಸಿ ದ ಕಾಸ್ಟೆಲ್ವಿ, ನಾರ್ಸಿಸ್ ವಿನ್ಯೋಲೆಸ್, ಬರ್ನಾತ್ ಫೆನೊಲ್ಲಾರ್ ಎಂಬ ಮೂವರು ಕವಿಗಳು ಕೂಡಿ ‘ಪ್ರಣಯದ ಚದುರಂಗ’ ಎಂಬರ್ಥದ ಕಾವ್ಯವನ್ನು ರಚಿಸಿದರು. ಪಟದ ಮನೆಗಳೆಷ್ಟೋ ಪದ್ಯಗಳೂ ಅಷ್ಟೇ, ಅರುವತ್ತನಾಲ್ಕು. ಒಬ್ಬ ಕವಿ ಯುದ್ಧದೇವತೆಯಾದ ಮಾರ್ಸನ ಪಕ್ಷ, ಮತ್ತೊಬ್ಬ ಪ್ರಣಯದೇವತೆಯಾದ ವೀನಸ್ಸಿನ ಪಕ್ಷ. ಮೂರನೆಯವನು ಮರ್ಕ್ಯುರಿಯಾಗಿ ಕುಳಿತು ನಿಯಮಗಳನ್ನು ಹೇಳುವವನು. ಒಂದು ಪಕ್ಷದ ರಾಜನಿಗೆ ವಿವೇಕವೆಂದು ಹೆಸರು, ರಾಣಿಗೆ ಇಚ್ಛೆಯೆಂದು. ಎದುರು ಪಕ್ಷದ ರಾಜ ಮಾನ, ರಾಣಿ ಸೌಂದರ್ಯ. ನಮ್ಮ ಚಿತ್ರಬಂಧಗಳನ್ನು ಬಲ್ಲ ಓದುಗರಿಗೆ ಈ ಬಗೆಯ ಬುದ್ಧಿಚಾತುರ್ಯ ಅಪರಿಚಿತವೆನಿಸದು. ಆದರೆ ಇದು ಬರಿಯ ಅಲಂಕಾರವಲ್ಲ. ಪದ್ಯಗಳೊಳಗೆ ಒಂದು ಪೂರ್ಣ ಆಟವೇ ನಡೆ ನಡೆಯಾಗಿ ಅಡಗಿದೆ. ಅದನ್ನು ಬಿಡಿಸಿ ಪಟದ ಮೇಲೆ ಆಡಿ ನೋಡಿದರೆ, ಇಪ್ಪತ್ತೊಂದನೆಯ ನಡೆಯಲ್ಲಿ ಮಾರ್ಸನ ರಾಣಿ ಎದುರಾಳಿಯ ರಾಜನನ್ನು ಕಟ್ಟಿಹಾಕುತ್ತಾಳೆ. ಹಳೆಯ ಮಂತ್ರಿಗೆ ಕನಸಿನಲ್ಲಿಯೂ ಸಾಧ್ಯವಾಗದಿದ್ದ ನಡೆ ಅದು.

ಬದಲಾದದ್ದು ಹೆಚ್ಚೇನಲ್ಲ. ಪಟ ಅದೇ, ಕಾಯಿಗಳು ಅವೇ ಮೂವತ್ತೆರಡು, ರಾಜ, ಕುದುರೆ, ಬುರುಜುಗಳ ನಡೆ ಅದೇ. ಎರಡು ಕಾಯಿಗಳಿಗೆ ಮಾತ್ರ ಹೊಸ ಬಿಡುಗಡೆ ದೊರೆಯಿತು. ರಾಣಿ ನೇರವಾಗಿಯೂ ಓರೆಯಾಗಿಯೂ ಅಡ್ಡಿಯಿಲ್ಲದಷ್ಟು ದೂರ ಹೋಗಬಹುದು. ಬರಿದಾದ ಪಟದ ನಡುವೆ ಅವಳಿಗೀಗ 27 ಮನೆಗಳು ವಶ. ಆನೆಯ ಸ್ಥಾನದಲ್ಲಿದ್ದ ಬಿಷಪ್ ಓರೆಯ ಹಾದಿಯನ್ನು ತುದಿಯವರೆಗೂ ಆಳಬಹುದು. ಇಷ್ಟರಿಂದ ಆಟದ ಲೋಕವೇ ಬೇರೆಯಾಯಿತು. ಮೊದಲ ನಾಲ್ಕಾರು ನಡೆಗಳಲ್ಲಿಯೇ ರಾಜನಿಗೆ ಅಪಾಯ ಒದಗಬಹುದಾದ್ದರಿಂದ ಆಟದ ಆರಂಭವೇ ಒಂದು ಶಾಸ್ತ್ರವಾಯಿತು. ತುದಿ ಮುಟ್ಟಿದ ಕಾಲಾಳು ಹಿಂದೆ ಒಬ್ಬ ದುರ್ಬಲ ಮಂತ್ರಿಯಾಗುತ್ತಿದ್ದನು. ಈಗ ಆ ಸಾಮಾನ್ಯನೇ ಪಟದ ಅತ್ಯಂತ ಬಲಶಾಲಿಯಾಗಬಲ್ಲ. ಜನ ಬೆರಗಾಗಿ ಈ ಆಟಕ್ಕೆ ಹೊಸ ಹೆಸರನ್ನೇ ಇಟ್ಟರು. ಫ್ರೆಂಚರು ಅದನ್ನು ‘ಹುಚ್ಚೆದ್ದ ಹೆಂಗಸಿನ ಚದುರಂಗ’ವೆಂದರು, ಇಟಲಿಯವರ ಮಾತಿನಲ್ಲಿಯೂ ಅದು ಹುಚ್ಚಿನ ಆಟವೇ.

ಈ ಮಾರ್ಪಾಡು ಆಗಲೇ ಏಕಾಯಿತು? ಇಂಥವನು ಮಾಡಿದನೆಂದು ಹೇಳಬಲ್ಲ ದಾಖಲೆಯಿಲ್ಲ. 1474ರಲ್ಲಿ ಇಸಬೆಲ್ಲ ಕಾಸ್ಟೀಲಿನ ಸಿಂಹಾಸನವನ್ನೇರಿ ಸ್ವತಂತ್ರವಾಗಿ ಆಳತೊಡಗಿದಳು. ಅದರ ಛಾಯೆ ಪಟದ ಮೇಲೂ ಬಿದ್ದಿತೆಂದು ಮೆರಿಲಿನ್ ಯಾಲಮ್ ಮೊದಲಾದ ವಿದ್ವಾಂಸರು ಊಹಿಸಿದ್ದಾರೆ. ಊಹೆ ರಮ್ಯವಾಗಿದೆ. ಆದರೆ ದೂರದಿಂದ ಕೋಟೆಯನ್ನೊಡೆಯುವ ಫಿರಂಗಿಗಳು ಬಂದಿದ್ದ ಕಾಲವದು. ನಾವಿಕರು ಕರಾವಳಿಯ ಆಸರೆ ಬಿಟ್ಟು ತೆರೆದ ಸಾಗರಕ್ಕೆ ಹಡಗನ್ನೊಡ್ಡುತ್ತಿದ್ದ ಕಾಲವೂ ಹೌದು. ದೂರವೆಂಬುದಕ್ಕೆ ಹೊಸ ಅರ್ಥ ಬರುತ್ತಿದ್ದಾಗ ಆಟದ ಕಾಯಿಗಳಿಗೂ ದೂರದ ಆಸೆ ಹುಟ್ಟಿದ್ದು ಸಹಜವೆಂದು ತೋರುತ್ತದೆ.

ಹರಡುವ ಕೆಲಸವನ್ನು ಮಾತ್ರ ಅಚ್ಚಿನ ಮೊಳೆಗಳು ಮಾಡಿದವು. 1497ರಲ್ಲಿ ಸಾಲಮಾಂಕದಲ್ಲಿ ಲೂಸೆನ ಎಂಬುವನು ಅಚ್ಚು ಹಾಕಿಸಿದ ಪುಸ್ತಕ, ಹೊಸ ನಡೆಯನ್ನು ಕಲಿಸುವ ಗ್ರಂಥಗಳಲ್ಲಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯದು. ಅದರ 150 ಸಮಸ್ಯೆಗಳಲ್ಲಿ ಕೆಲವು ಹಳೆಯ ಪದ್ಧತಿಯವು, ಕೆಲವು ‘ರಾಣಿಯ ಪದ್ಧತಿ’ಯವು, ಒಂದೇ ಹೊದಿಕೆಯೊಳಗೆ ಎರಡು ಯುಗಗಳು ಕುಳಿತಿವೆ. 1512ರಲ್ಲಿ ಪೋರ್ಚುಗಲ್ಲಿನ ದಾಮಿಯಾನೊ ರೋಮಿನಲ್ಲಿ ಪ್ರಕಟಿಸಿದ ಪುಸ್ತಕದ ವೇಳೆಗೆ ಹೊಸ ಆಟವೇ ಆಟವೆನಿಸಿತ್ತು. ಗಣಿತಜ್ಞ ಲೂಕ ಪಾಚೋಲಿ 1500ರ ಸುಮಾರಿಗೆ ಬರೆದ ಚದುರಂಗದ ಹಸ್ತಪ್ರತಿಯೊಂದು ಇಟಲಿಯ ಗೊರೀಜಿಯದ ಗ್ರಂಥಭಂಡಾರದಲ್ಲಿ 2006ರಲ್ಲಿ ಬೆಳಕಿಗೆ ಬಂದಿತು. ಅದರಲ್ಲಿಯೂ ಎರಡು ಪದ್ಧತಿಗಳ ಸಮಸ್ಯೆಗಳು ಜೊತೆಯಾಗಿವೆ. ಅದರ ಕಾಯಿಗಳ ಚಿತ್ರಗಳು ಪಾಚೋಲಿಯ ಗೆಳೆಯನಾದ ಲಿಯೊನಾರ್ಡೊನ ಕಲ್ಪನೆಯೆಂದು ಕೆಲವರು ಹೇಳಿದ್ದುಂಟು. ಅದು ಸಿದ್ಧಪಟ್ಟ ಮಾತಲ್ಲ.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಪಟದ ಮೇಲೆ ರಾಣಿಗೆ ಸರ್ವಾಧಿಕಾರವನ್ನು ಕಲಿಸುವ ಲೂಸೆನನ ಪುಸ್ತಕದ ಪೂರ್ವಾರ್ಧವು ಪ್ರೇಮವನ್ನೂ ಸ್ತ್ರೀಯರನ್ನೂ ಹಳಿಯುವ ಪ್ರಬಂಧ! ಆಟದಲ್ಲಿ ಕೊಟ್ಟ ಸ್ವಾತಂತ್ರ್ಯವನ್ನು ಬಾಳಿನಲ್ಲಿ ಕೊಡಲು ಆ ಯುಗ ಸಿದ್ಧವಾಗಿರಲಿಲ್ಲ. ಆದರೂ ಆಟದ ಪಟ ಮನೆಯೊಳಗಿತ್ತು. ಅದರ ಮುಂದೆ ಕೂಡಲು ಸ್ತ್ರೀಗೆ ಅಡ್ಡಿಯಿರಲಿಲ್ಲ. ಕ್ರೆಮೋನದ ಚಿತ್ರಗಾರ್ತಿ ಸೊಫೊನಿಸ್ಬ ಆಂಗ್ವಿಸೋಲ 1555ರಲ್ಲಿ ಬರೆದ ಚಿತ್ರವೊಂದು ಈಗ ಪೋಲೆಂಡಿನ ಪೋಜ್ನಾನ್ ವಸ್ತುಸಂಗ್ರಹಾಲಯದಲ್ಲಿದೆ. ಅವಳ ಮೂವರು ತಂಗಿಯರು ತೆರೆದ ಬಯಲಿನ ಹಿನ್ನೆಲೆಯಲ್ಲಿ ಚದುರಂಗದ ಮುಂದೆ ಕುಳಿತಿದ್ದಾರೆ. ಒಬ್ಬಳು ಎದುರಾಳಿಯ ಕಾಯನ್ನು ಹಿಡಿದು ನಮ್ಮತ್ತ ನೋಡುತ್ತಿದ್ದಾಳೆ. ಇನ್ನೊಬ್ಬಳು ಏನೋ ಹೇಳಲೆಂಬಂತೆ ಕೈಯೆತ್ತಿದ್ದಾಳೆ. ಕಿರಿಯವಳು ಸೋತ ಅಕ್ಕನನ್ನು ನೋಡಿ ನಗುತ್ತಿದ್ದಾಳೆ. ಮುದಿ ದಾಸಿಯೊಬ್ಬಳು ಮೌನವಾಗಿ ನಿಂತಿದ್ದಾಳೆ. ಗಂಡಸರ ಕುಂಚದಲ್ಲಿ ಸ್ತ್ರೀಯರು ಸಾಮಾನ್ಯವಾಗಿ ನೋಡಿಸಿಕೊಳ್ಳುವವರು. ಈ ಚಿತ್ರದಲ್ಲಿ ಅವರು ಯೋಚಿಸುವವರು, ಗೆಲ್ಲುವವರು. ಹೊಸ ರಾಣಿಗೆ ಇದಕ್ಕಿಂತ ಸತ್ಯವಾದ ಭಾಷ್ಯವನ್ನು ಆ ಶತಮಾನ ಬರೆಯಲಿಲ್ಲವೆನ್ನಬಹುದು.

ಇನ್ನೊಂದು ಭಾಷ್ಯವೂ ಸ್ತ್ರೀಯೊಬ್ಬಳದೇ. ಆವಿಲದ ಸಂತ ತೆರೆಸ ತನ್ನ ಸನ್ಯಾಸಿನಿಯರಿಗಾಗಿ 1560ರ ದಶಕದಲ್ಲಿ ಬರೆದ ‘ಪರಿಪೂರ್ಣತೆಯ ಮಾರ್ಗ’ದ ಮೊದಲ ಕರಡಿನಲ್ಲಿ ಚದುರಂಗದ ಉಪಮೆ ಬರುತ್ತದೆ. ದೇವರೆಂಬ ರಾಜನನ್ನು ಕಟ್ಟಿಹಾಕಲು ರಾಣಿಗಿಂತ ಸಮರ್ಥ ಕಾಯಿಯಿಲ್ಲ, ವಿನಯವೇ ಆ ರಾಣಿ ಎಂಬುದು ಅದರ ಭಾವ. ಭಕ್ತನು ಭಗವಂತನನ್ನು ಕಟ್ಟಿಹಾಕುವ ಕಲ್ಪನೆ ನಮ್ಮ ದಾಸರನ್ನೂ ಶರಣರನ್ನೂ ಓದಿದವರಿಗೆ ಹತ್ತಿರದ್ದೇ. ಮುಂದೆ ಗ್ರಂಥವನ್ನು ತಿದ್ದಿ ಬರೆದಾಗ ಆ ಭಾಗ ಬಿಟ್ಟುಹೋಯಿತು.

ಎಲ್ಲರ ಆಟವೂ ಬುದ್ಧಿಯ ಆಟವಾಗಿರಲಿಲ್ಲ. ಫ್ಲಾರೆನ್ಸಿನ ಪ್ರಭು ಫ್ರಾಂಚೆಸ್ಕೊ ದೆ ಮೆದಿಚಿ ಸ್ಪೇನಿನ ದೊರೆ ಎರಡನೆಯ ಫಿಲಿಪ್ಪನಿಗೆ ಕಾಣಿಕೆ ಕಳುಹಿಸಿದನೆನ್ನಲಾದ ‘ಬಾತುಕೋಳಿಯ ಆಟ’ದಲ್ಲಿ ದಾಳವೇ ದೈವ. 63 ಮನೆಗಳು ಬಸವನಹುಳುವಿನ ಚಿಪ್ಪಿನಂತೆ ಒಳಮುಖವಾಗಿ ಸುತ್ತುತ್ತವೆ. ದಾರಿಯಲ್ಲಿ ಸೇತುವೆ, ಛತ್ರ, ಬಾವಿ, ಚಕ್ರವ್ಯೂಹ, ಸೆರೆಮನೆ. 58ನೆಯ ಮನೆಯಲ್ಲಿ ಮೃತ್ಯು. ಅಲ್ಲಿ ಬಿದ್ದವನು ಮೊದಲಿನಿಂದ ಹೊರಡಬೇಕು. ನಮ್ಮ ಪರಮಪದ ಸೋಪಾನದ ನೆನಪಾಗದಿರದು. ಆದರೆ ನಮ್ಮಲ್ಲಿ ಏಣಿಗೂ ಹಾವಿಗೂ ಪುಣ್ಯಪಾಪಗಳ ಹೆಸರಿದೆ. ಅಲ್ಲಿನ ತೊಡಕುಗಳು ಒಬ್ಬ ದಾರಿಹೋಕನಿಗೆ ಎದುರಾಗುವ ಲೌಕಿಕ ತೊಡಕುಗಳು. ಅದೇ ದರಬಾರಿನಲ್ಲಿ 1575ರಲ್ಲಿ ರೂಯ್ ಲೋಪೆಸ್ ಎಂಬ ಪಾದ್ರಿಯನ್ನು ಇಟಲಿಯ ಲಿಯೊನಾರ್ಡೊ ದ ಕೂತ್ರಿ ಚದುರಂಗದಲ್ಲಿ ಸೋಲಿಸಿದನು. ಒಂದು ಆಟ ಮನುಷ್ಯನ ಅಳವನ್ನು ಹೊಗಳಿದರೆ ಇನ್ನೊಂದು ಅವನ ಮಿತಿಯನ್ನು ನೆನಪಿಗೆ ತರುತ್ತಿತ್ತು; ಯುಗಕ್ಕೆ ಎರಡೂ ಬೇಕಾಗಿದ್ದವು.

ಈಗ ಕನ್ನಡಿ ಹಿಂದುಮುಂದಾಗಿದೆ. ನಮ್ಮ ಕಾಲದವರು ಆ ಯುಗವನ್ನೇ ವಸ್ತುವಾಗಿಟ್ಟುಕೊಂಡು ಹೊಸ ಮಣೆಯಾಟಗಳನ್ನು ರಚಿಸುತ್ತಿದ್ದಾರೆ. ಜರ್ಮನಿಯ ರೈನರ್ ಕ್ನಿಟ್ಸಿಯ 1995ರಲ್ಲಿ ರಚಿಸಿದ ‘ಮೆದಿಚಿ’ಯಲ್ಲಿ ಆಟಗಾರರೆಲ್ಲ ವರ್ತಕರು, ಸರಕನ್ನು ಹರಾಜಿನಲ್ಲಿ ಕೊಂಡು ಹಡಗು ತುಂಬುವುದೇ ಆಟ. 2000ದಲ್ಲಿ ಬಂದ ‘ಫ್ಲಾರೆನ್ಸಿನ ರಾಜಕುಮಾರರು’ ಎಂಬರ್ಥದ ಆಟದಲ್ಲಿ ಶ್ರೀಮಂತ ಮನೆತನಗಳು ಪಂಡಿತರನ್ನೂ ಕಲಾವಿದರನ್ನೂ ಒಲಿಸಿಕೊಳ್ಳಬೇಕು. ಅದಕ್ಕಾಗಿ ಕಟ್ಟಡ, ಉದ್ಯಾನ, ಸರೋವರಗಳನ್ನು ಕಟ್ಟಿಸಬೇಕು. ಅಷ್ಟೇ ಅಲ್ಲ, ಪ್ರವಾಸ, ಅಭಿಪ್ರಾಯ, ಮತ ಇವುಗಳ ಸ್ವಾತಂತ್ರ್ಯವನ್ನೂ ಒದಗಿಸಬೇಕು. ಸ್ವಾತಂತ್ರ್ಯವಿಲ್ಲದೆಡೆ ಒಳ್ಳೆಯ ಕೃತಿ ಹುಟ್ಟದೆಂಬ ತತ್ತ್ವವನ್ನು ಇಷ್ಟು ಸುಲಭವಾಗಿ ಹೇಳಿದ ಪಾಠ ಅಪರೂಪ. ಆದರೆ ಆ ಸ್ವಾತಂತ್ರ್ಯವೂ ಅಲ್ಲಿ ಹಣ ಕೊಟ್ಟು ಕೊಳ್ಳುವ ಸರಕು! ಕೃತಿಯ ಬೆಲೆ ಗೊತ್ತು. ಬರೆದವನ ಸಂಕಟ ಗೊತ್ತಿಲ್ಲ. ಆ ಯುಗದ ಕಲೆಯ ಹಿಂದಿದ್ದ ಹಣವನ್ನು ನಮ್ಮ ಯುಗ ಬೇಗ ಗುರುತಿಸುತ್ತದೆ. ಇದರಿಂದ ಮೆದಿಚಿಗಳ ಸಂಗತಿಯಷ್ಟೇ ನಮ್ಮ ಸಂಗತಿಯೂ ತಿಳಿಯುತ್ತದೆ.

ಚದುರಂಗದ ಕಥೆ ನಮ್ಮ ನಾಡನ್ನು ಬಿಟ್ಟು ಮುಗಿಯಲಾರದು. ಇಟಲಿಯ ವೀದ ಎಂಬ ಕವಿ ಅಪೊಲೊ ಮತ್ತು ಮರ್ಕ್ಯುರಿ ದೇವತೆಗಳ ಚದುರಂಗವನ್ನು ವರ್ಣಿಸಿದ ಲ್ಯಾಟಿನ್ ಕಾವ್ಯ 1527ರಲ್ಲಿ ಪ್ರಕಟವಾಯಿತು. ಅದರಿಂದ ಸ್ಫೂರ್ತಿ ಪಡೆದು 1763ರಲ್ಲಿ ಚದುರಂಗದ ಮೇಲೆ ಇಂಗ್ಲಿಷ್ ಕಾವ್ಯ ಬರೆದ ತರುಣ ವಿಲಿಯಂ ಜೋನ್ಸ್. ಮುಂದೆ ಕಲ್ಕತ್ತೆಗೆ ಬಂದು ಸಂಸ್ಕೃತ ಕಲಿತು, ಈ ಆಟದ ತವರು ಭಾರತವೆಂದು ವಿದ್ವತ್‌ಪ್ರಪಂಚಕ್ಕೆ ತಿಳಿಸಿದವನೂ ಅವನೇ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಚದುರಂಗವನ್ನು ವಿವರಿಸಿದ್ದಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಮಣೆಯಾಟಗಳನ್ನು ಕಲ್ಪಿಸಿದರು. ಕುದುರೆಯ ನಡೆಯಲ್ಲಿ 64 ಮನೆಗಳನ್ನೂ ಸುತ್ತಿ ಬರುವ ಬಂಧಗಳನ್ನು ರಚಿಸಿದರು. ಪರಂಪರೆ ನಮ್ಮಲ್ಲಿಯೂ ಬರಿದಾಗಿ ಮಲಗಿರಲಿಲ್ಲ.

ಪುನರುಜ್ಜೀವನವೆಂಬ ಮಾತಿನಲ್ಲಿ, ಹೋದದ್ದು ಹೋದಂತೆಯೇ ಮರಳಿ ಬಂದಿತೆಂಬ ಧ್ವನಿಯಿದೆ. ಹಳೆಯದನ್ನು ಹಾಗೆಯೇ ಎತ್ತಿ ತರುವುದೇ ಪುನರುಜ್ಜೀವನವೆಂದು ನಂಬುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಪಿತ್ರಾರ್ಜಿತವನ್ನು ಸುಟ್ಟುಹಾಕಿದರೆ ಮಾತ್ರ ಹೊಸತು ಹುಟ್ಟುವುದೆಂಬವರೂ ಇರುತ್ತಾರೆ. ವಾಲೆನ್ಸಿಯದ ಆಟಗಾರರು ಇವೆರಡನ್ನೂ ಮಾಡಲಿಲ್ಲ. ದೂರದೇಶದಿಂದ ಬಂದ ಪಟವನ್ನು ಗೌರವದಿಂದ ಉಳಿಸಿಕೊಂಡರು, ಕಟ್ಟುಬಿದ್ದಿದ್ದ ಎರಡು ಕಾಯಿಗಳ ಕಾಲ ಸಂಕೋಲೆಯನ್ನು ಬಿಚ್ಚಿದರು. ಇಂದು ಕನ್ನಡದ ಮನೆಗಳಲ್ಲಿ ಹಲವರು ಆ ಕಾಯನ್ನು ಮಂತ್ರಿಯೆಂದೇ ಕರೆಯುತ್ತಾರೆ. ಆದರೆ ನಡೆಯಿಸುವುದು ರಾಣಿಯ ನಡೆಯನ್ನು. ನಾವು ಕಳುಹಿಸಿದ ಹೆಸರು, ಅವರು ಕೊಟ್ಟ ವೇಗ, ಎರಡೂ ಒಂದೇ ಮರದ ತುಂಡಿನಲ್ಲಿ ಜಗಳವಿಲ್ಲದೆ ಕೂಡಿಕೊಂಡಿವೆ. ಭಾಷೆ ಸಾಹಿತ್ಯಗಳ ವಿಚಾರದಲ್ಲಿ ಹಳತು ಹೊಸತುಗಳ ವಾದಕ್ಕೆ ತೊಡಗುವ ಮುನ್ನ ನಮ್ಮ ವಿದ್ಯಾರ್ಥಿಗಳು ಈ ಒಂದು ಕಾಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಯೋಚಿಸುವುದು ಒಳ್ಳೆಯದು.