ದೂರದ ನಾಡು, ಅಳೆದ ಮಾತು



ಕಾಣದ ನಾಡನ್ನು, ಕೇಳರಿಯದ ಸಂಗತಿಯನ್ನು ಓದುಗರು ನಂಬುವಂತೆ ಹೇಳುವುದು ಹೇಗೆ? ಹದಿನೆಂಟನೆಯ ಶತಮಾನದ ಇಂಗ್ಲಿಷ್ ಲೇಖಕರು ಇದಕ್ಕೊಂದು ಕ್ರಮವನ್ನು ಕಂಡುಕೊಂಡರು. ಸಂಗತಿ ಎಷ್ಟು ವಿಚಿತ್ರವೋ ಹೇಳುವ ದನಿ ಅಷ್ಟು ಶಾಂತವಾಗಿರಬೇಕು. ದಿನಾಂಕ, ಅಳತೆ, ತೂಕ, ದಿಕ್ಕುಗಳು ಲೆಕ್ಕದ ಪುಸ್ತಕದಲ್ಲಿದ್ದಂತೆ ನಮೂದಾಗಬೇಕು. ರೋಗಿಯ ವೃತ್ತಾಂತವನ್ನು ಬರೆದು ರೂಢಿಯಾದ ನಮ್ಮಂಥ ವೈದ್ಯರಿಗೆ ಇದು ಚಿರಪರಿಚಿತ ಧಾಟಿ. ಅದರ ಬಲವನ್ನೂ ಅಪಾಯವನ್ನೂ ಇಲ್ಲಿ ವಿವೇಚಿಸುತ್ತೇವೆ.

ಡೇನಿಯಲ್ ಡಿಫೋ 1722ರಲ್ಲಿ ಲಂಡನ್ನಿನ ಪ್ಲೇಗಿನ ದಿನಚರಿಯೊಂದನ್ನು ಪ್ರಕಟಿಸಿದನು. ಆ ಪಿಡುಗು ಬಂದದ್ದು 1665ರಲ್ಲಿ. ಆಗ ಅವನು ಸುಮಾರು 5 ವರ್ಷದ ಬಾಲಕ. ಆದರೂ ಕಥೆಯನ್ನು ಹೇಳುವವನು ಎಲ್ಲವನ್ನೂ ಕಣ್ಣಾರೆ ಕಂಡ ಒಬ್ಬ ವ್ಯಾಪಾರಿ. ಬೀದಿಗಳ ಹೆಸರು, ವಾರವಾರದ ಮರಣಪಟ್ಟಿ ಎಲ್ಲವೂ ಅಲ್ಲಿವೆ. ಆ ವರ್ಷದ ಅಧಿಕೃತ ಪಟ್ಟಿ ಪ್ಲೇಗಿಗೆ ಸತ್ತವರನ್ನು 68,596 ಎಂದು ಎಣಿಸಿತ್ತು. ಕಥೆಗಾರನು ಅದನ್ನು ಒಪ್ಪದೆ, ನಿಜಸಂಖ್ಯೆ ಒಂದು ಲಕ್ಷವಿರಬೇಕು ಎನ್ನುತ್ತಾನೆ. ಡಿಫೋವಿನ ಚಾತುರ್ಯ ಇರುವುದು ಇಲ್ಲಿಯೇ: ಅಂಕಿಗಳನ್ನು ಸಂಶಯಿಸುವವನನ್ನು ನಾವು ಹೆಚ್ಚು ನಂಬುತ್ತೇವೆ.

ಜೋನಾಥನ್ ಸ್ವಿಫ್ಟ್ 1726ರಲ್ಲಿ ಇದೇ ಧಾಟಿಯನ್ನು ಶುದ್ಧ ಕಲ್ಪನೆಗೆ ತೊಡಿಸಿದನು. ಅವನ ಗಲಿವರ್ ಒಬ್ಬ ಹಡಗಿನ ಶಸ್ತ್ರವೈದ್ಯ. ಅವನು ಕಂಡ ಲಿಲಿಪುಟ್ಟಿನ ಜನ ಅವನ ಎತ್ತರದ ಹನ್ನೆರಡರಲ್ಲಿ ಒಂದು ಭಾಗ ಮಾತ್ರ. ಆದ್ದರಿಂದ ಅಲ್ಲಿನ ಗಣಿತಜ್ಞರು 12ನ್ನು ಮೂರು ಬಾರಿ ಗುಣಿಸಿ, 1728 ಜನರ ಊಟವನ್ನು ಗಲಿವರನಿಗೆ ಗೊತ್ತುಪಡಿಸುತ್ತಾರೆ. ಲೆಕ್ಕದಲ್ಲಿ ತಪ್ಪಿಲ್ಲ, ಶರೀರಶಾಸ್ತ್ರ ಮಾತ್ರ ಒಪ್ಪುವುದಿಲ್ಲ. ದೇಹ ದೊಡ್ಡದಾದಂತೆ ಆಹಾರದ ಅಗತ್ಯ ತೂಕದಷ್ಟೇ ವೇಗವಾಗಿ ಏರುವುದಿಲ್ಲ. 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ಮಂಡಿಸಿದ ನಿಯಮದಂತೆ ಎಣಿಸಿದರೆ ಸುಮಾರು 270 ಜನರ ಊಟವೇ ಗಲಿವರನಿಗೆ ಸಾಕು. ಅಂಕಿ ಖಚಿತವಾಗಿದ್ದ ಮಾತ್ರಕ್ಕೆ ಅದು ಸತ್ಯವಾಗಲಾರದು.

ಇದು ಕೇವಲ ಸಾಹಿತ್ಯದ ಚರ್ಚೆಯಲ್ಲ. ಏಕೆಂದರೆ ಲಂಡನ್ನಿನ ಓದುಗನಿಗೆ ಒಂದು ಕಾಲದಲ್ಲಿ ನಮ್ಮ ನಾಡೇ ದೂರದ ನಾಡಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು 1800 ಮತ್ತು 1801ರಲ್ಲಿ ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳಲ್ಲಿ ಸಂಚರಿಸಿದನು. ಅವನ ಪ್ರವಾಸಗ್ರಂಥವು 1807ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ದಿನಕ್ಕೊಂದು ಬರಹ, ಮಣ್ಣು, ನೇಗಿಲು, ಬಿತ್ತನೆ, ಇಳುವರಿ, ಬೆಲೆ. ಧಾಟಿ ಗಲಿವರನದೇ, ಆದರೆ ಪ್ರವಾಸ ನಿಜವಾದುದು. ಇಂದಿಗೂ ನಮ್ಮ ರೈತಜೀವನದ ಇತಿಹಾಸವನ್ನು ಬರೆಯುವವರಿಗೆ ಅದು ಅಮೂಲ್ಯ ಆಕರ.

ಹಾಗಾದರೆ ಓದುವುದು ಹೇಗೆ? ರೋಗಿ ಹೇಳಿದ್ದನ್ನೂ ತಾನು ಪರೀಕ್ಷಿಸಿ ಕಂಡದ್ದನ್ನೂ ವೈದ್ಯನು ಬೇರೆಬೇರೆಯಾಗಿ ಬರೆಯುತ್ತಾನೆ. ಆ ಭೇದವನ್ನು ಇಲ್ಲಿಯೂ ಅನ್ವಯಿಸಬೇಕು. ನೇಗಿಲಿನ ಆಕಾರವನ್ನು ಬುಕಾನನ್ ಸ್ವತಃ ನೋಡಬಲ್ಲವನಾಗಿದ್ದನು. ಗದ್ದೆಯ ಇಳುವರಿಯನ್ನೂ ಜಾತಿಯ ಮೂಲವನ್ನೂ ಅವನಿಗೆ ಹೇಳಿದವರು ಬೇರೆಯವರು. ಅದೂ ದುಭಾಷಿಯ ಬಾಯಿಂದ. ಕಂಪನಿಯ ಅಧಿಕಾರಿಯ ಮುಂದೆ ನಿಂತ ರೈತನು ಕಂದಾಯಕ್ಕೆ ಅಂಜಿ ಇಳುವರಿಯನ್ನು ತಗ್ಗಿಸಿ ಹೇಳಿದ್ದರೆ ಅದರಲ್ಲಿ ಆಶ್ಚರ್ಯವೇನು? ಎರಡೂ ಒಂದೇ ಪುಟದಲ್ಲಿ, ಒಂದೇ ದನಿಯಲ್ಲಿ ಅಚ್ಚಾಗಿವೆ.

ಪರದೇಶದಲ್ಲಿ ಬೆಳೆಯುವ ನಮ್ಮ ಮಕ್ಕಳು ಅಜ್ಜನ ಊರನ್ನು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಓದುವರು. ಅಂಥ ಪುಸ್ತಕಗಳನ್ನು ನಾವು ಅವರಿಂದ ಮರೆಮಾಡಬೇಕಿಲ್ಲ. ಬರೆದವನು ಇದನ್ನು ಕಂಡನೆ, ಕೇಳಿದನೆ. ಕೇಳಿದ್ದಾದರೆ ಯಾರಿಂದ, ಯಾವ ಭಾಷೆಯಲ್ಲಿ ಎಂದು ವಿಚಾರಿಸುವುದನ್ನು ಕಲಿಸಿದರೆ ಸಾಕು.